13 ವರ್ಷದ ಮಗ ಹಿಫ್ಜ್ ಮುಗಿಸಿದ್ದಾನೆ. ಮುಂದೆ ಶಾಲೆಯಾ, ಆಲಿಮ್ ಕೋರ್ಸಾ?

ಅಕ್ಕ, ಮಗ ಹಿಫ್ಜ್ ಮುಗಿಸಿದ, ಅಂದರೆ ಕುರ್‌ಆನ್ ಪೂರ್ತಿ ಬಾಯಿಪಾಠ ಮಾಡಿದ, ಹೋದ ತಿಂಗಳು ಅವನಿಗೆ ಪೇಟ ಸುತ್ತುವ ದಸ್ತಾರ್‌ಬಂದಿ ಸಮಾರಂಭ ಆಯಿತು, ಇನ್ನು ಅವನನ್ನು ಶಾಲೆಗೆ ಹಾಕಬೇಕಾ, ಧರ್ಮ ವಿದ್ವಾಂಸನಾಗುವ ಆಲಿಮ್ ಕೋರ್ಸಿಗಾ ಅಂತ ಕೇಳಿದ್ದೀರಿ. ಓದಿದಾಗಿನಿಂದ ಮನಸ್ಸು ಅಲ್ಲೇ ಇದೆ. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ನನಗೂ ಆಗ 13. ಅಪ್ಪ ಶಾಲೆ ಅಂದರು, ದೊಡ್ಡಪ್ಪ ಆಲಿಮ್ ಅಂದರು. ಎರಡು ವಾರ ವಾದ ನಡೆಯಿತು. ಆ ಎರಡು ವಾರದಲ್ಲಿ ನಾನು ಒಂದು ದಿನವೂ ಮಂಜಿಲ್, ಅಂದರೆ ಕಲಿತ ಹಳೆಯ ಪಾಠ, ಓದಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ನಮ್ಮದು ರಾಣೆಬೆನ್ನೂರು. 4ನೇ ತರಗತಿ ಮುಗಿಸಿ ಮದರಸಾ ಹಾಸ್ಟೆಲ್ ಸೇರಿದೆ. ಮೂರು ವರ್ಷ. ಬೆಳಗಿನ ಫಜರ್ ನಮಾಜಿಗೆ ಮುಂಚೆ ಏಳುವುದು, ಸಬಕ್ ಅಂದರೆ ಹೊಸ ಪಾಠ ಒಪ್ಪಿಸುವುದು. ನಾಷ್ಟಾ ಆದ ಮೇಲೆ ಇತ್ತೀಚಿನ ಪಾಠಗಳು. ಮಧ್ಯಾಹ್ನದ ಜುಹರ್ ನಮಾಜ್ ಆದ ಮೇಲೆ ಮಂಜಿಲ್, ಹಳೆಯದರಲ್ಲಿ ದಿನಕ್ಕೆ ಒಂದು ಪಾರಾ, ಅಂದರೆ ಕುರ್‌ಆನ್‌ನ 30 ಭಾಗಗಳಲ್ಲಿ ಒಂದು. ಹೀಗೆ 30 ಪಾರಾ, 114 ಸೂರಾ (ಅಧ್ಯಾಯ), 6,000ಕ್ಕೂ ಜಾಸ್ತಿ ವಚನಗಳು ಎದೆಗೆ ಇಳಿದವು. ದಸ್ತಾರ್‌ಬಂದಿ ದಿನ ಪೇಟ ಸುತ್ತಿದರು, ಹೂವಿನ ಹಾರ ಹಾಕಿದರು. ಅಮ್ಮ ಅತ್ತರು. ಅವತ್ತು ನನಗೆ ಅನಿಸಿದ್ದು ಒಂದೇ: ಮುಗಿಯಿತು.

ನನ್ನ ತಪ್ಪು ಆ ಒಂದು ಪದದಲ್ಲಿದೆ. ಸ್ವಲ್ಪ ಉದ್ದ ಆದರೂ ಪೂರ್ತಿ ಹೇಳುತ್ತೇನೆ, ಯಾಕಂದರೆ ನಿಮ್ಮ ಮಗನೂ ಈಗ ಅದೇ ಜಾಗದಲ್ಲಿ ನಿಂತಿದ್ದಾನೆ.

ಕೊನೆಗೆ ಅಪ್ಪನ ಮಾತು ಗೆದ್ದು ಶಾಲೆಗೆ ಸೇರಿದೆ. 5ನೇ ತರಗತಿಯಲ್ಲಿ ಕೂರಿಸಿದರು, ನನಗಿಂತ ಮೂರು ವರ್ಷ ಚಿಕ್ಕ ಮಕ್ಕಳ ಜೊತೆ. ಗಣಿತ ಬರುತ್ತಿರಲಿಲ್ಲ. ಇಡೀ ದಿನ ಅದರ ಹಿಂದೆಯೇ ಹೋಯಿತು. ಮಂಜಿಲ್ ಬಿಟ್ಟೆ. ರಂಜಾನ್ ಹತ್ತಿರ ಬಂದಾಗ ಒಂದು ಸಲ ಪೂರ್ತಿ ನೋಡಿಕೊಂಡರಾಯಿತು ಅಂದುಕೊಂಡೆ.

ಬಿಟ್ಟ ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳೂ ಆಗಲಿಲ್ಲ. ಮೋಸ ಇರುವುದೇ ಅಲ್ಲಿ. ಮರೆತಿದ್ದು ಹೊರಗೆ ಕಾಣುವುದಿಲ್ಲ. ಯಾರದೋ ಮನೆಯಲ್ಲಿ ಫಾತಿಹಾಕ್ಕೆ, ಅಂದರೆ ತೀರಿಕೊಂಡವರಿಗಾಗಿ ಮಾಡುವ ಪ್ರಾರ್ಥನೆಗೆ ಕರೆಯುತ್ತಿದ್ದರು, ಯಾಸೀನ್ ಓದುತ್ತಿದ್ದೆ. ಮುಲ್ಕ್ ಓದುತ್ತಿದ್ದೆ, ರಹಮಾನ್ ಓದುತ್ತಿದ್ದೆ. ತಪ್ಪಿಲ್ಲದೆ ಬರುತ್ತಿತ್ತು. ಎಲ್ಲರೂ ‘ಮಾಶಾ ಅಲ್ಲಾಹ್’ ಅನ್ನುತ್ತಿದ್ದರು. ನಾನೂ ಎಲ್ಲ ನೆನಪಿದೆ ಅಂತ ನಂಬಿದೆ. ಆದರೆ ಅವು ಎಲ್ಲರೂ ದಿನಾ ಓದುವ ಸೂರಾಗಳು. ಕೆಡುವುದು ನಡುವಿನ ಪಾರಾಗಳು. ಅಲ್ಲೂ ವಚನಗಳು ಮೊದಲು ಹೋಗುವುದಿಲ್ಲ, ಕೊಂಡಿಗಳು ಹೋಗುತ್ತವೆ. ಈ ವಚನ ಆದ ಮೇಲೆ ಯಾವುದು ಅನ್ನುವುದು ಹೋಗುತ್ತದೆ. ಕುರ್‌ಆನ್‌ನಲ್ಲಿ ಒಂದನ್ನೊಂದು ಹೋಲುವ ಸಾಲುಗಳು ತುಂಬಾ ಇವೆ. ಮುತಶಾಬಿಹಾತ್ ಅನ್ನುತ್ತೇವೆ. ಮಂಜಿಲ್ ನಿಂತರೆ ಅವು ಒಂದರ ಬದಲು ಇನ್ನೊಂದು ಬಂದು ಕೂರುತ್ತವೆ.

16ನೇ ವಯಸ್ಸಿಗೆ ಪಕ್ಕದ ಹಳ್ಳಿಯ ಮಸೀದಿಯಲ್ಲಿ ತರಾವೀಹ್, ಅಂದರೆ ರಂಜಾನ್ ರಾತ್ರಿಗಳ ನಮಾಜ್, ಓದಿಸಲು ನನ್ನನ್ನು ಕರೆದರು. ರಾತ್ರಿಗೆ ಒಂದೂಕಾಲು ಪಾರಾ. ಹಗಲೆಲ್ಲ ಉರು ಹೊಡೆದು ಐದು ರಾತ್ರಿ ಹೇಗೋ ದಾಟಿದೆ. ಆರನೇ ರಾತ್ರಿ 8ನೇ ಪಾರಾ, ಸೂರಾ ಅನ್‌ಆಮ್. 151ನೇ ವಚನಕ್ಕೆ ಬಂದೆ. ಅಲ್ಲಿ ‘ನರ್‌ಝುಕುಕುಮ್ ವ ಇಯ್ಯಾಹುಮ್’ ಅನ್ನಬೇಕು. ನನ್ನ ಬಾಯಲ್ಲಿ ‘ನರ್‌ಝುಕುಹುಮ್ ವ ಇಯ್ಯಾಕುಮ್’ ಬಂತು. ಅದು 15ನೇ ಪಾರಾದ ಬನೀ ಇಸ್ರಾಯೀಲ್ ಸೂರಾದ 31ನೇ ವಚನ. ಎರಡೂ ಕಡೆ ಮುಂದಿನ ಮಾತುಗಳೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಹೋಗುತ್ತವೆ: ಅಶ್ಲೀಲದ ಹತ್ತಿರ ಹೋಗಬೇಡಿ, ಜೀವ ತೆಗೆಯಬೇಡಿ, ಅನಾಥರ ಆಸ್ತಿ ಮುಟ್ಟಬೇಡಿ. ಅದಕ್ಕೇ ದಾರಿ ತಪ್ಪಿದ್ದು ನನಗೆ ಗೊತ್ತೇ ಆಗಲಿಲ್ಲ. ಹಿಂದೆ ನಿಂತಿದ್ದ, ಕುರ್‌ಆನ್ ಪೂರ್ತಿ ಬಾಯಿಪಾಠ ಇದ್ದ ಹಿರಿಯ ಹಾಫಿಜ್ ಸಾಬ್ ಲುಕ್ಮಾ ಕೊಟ್ಟರು, ಅಂದರೆ ಸರಿಯಾದ ಸಾಲು ಹೇಳಿಕೊಟ್ಟರು. ಹಿಡಿಯಲಿಲ್ಲ. ಮತ್ತೆ ಕೊಟ್ಟರು. ಮತ್ತೆ ಬನೀ ಇಸ್ರಾಯೀಲ್‌ಗೇ ಹೋದೆ. ಮೂರನೇ ಸಲ ಬಾಯಿ ಒಣಗಿ ಹೋಯಿತು. ಓದು ಅಲ್ಲೇ ನಿಲ್ಲಿಸಿ ರುಕೂಗೆ ಬಾಗಿಬಿಟ್ಟೆ.

ನಮಾಜಿನ ಆಮೇಲಿನ ರಕಾತ್‌ಗಳನ್ನು (ಸುತ್ತುಗಳನ್ನು) ಅವರೇ ಓದಿಸಿದರು. ಯಾರೂ ಬೈಯಲಿಲ್ಲ. ಎರಡನೇ ಸಾಲಿನಲ್ಲಿ ಅಪ್ಪ ಇದ್ದರು. ಗಾಡಿಯಲ್ಲಿ ಮನೆಯವರೆಗೂ ಒಂದು ಮಾತಾಡಲಿಲ್ಲ.

ಕುರ್‌ಆನ್ ಬಲ್ಲವನು ಕಟ್ಟಿದ ಒಂಟೆಯ ಒಡೆಯನ ಹಾಗೆ, ಕಾಯ್ದುಕೊಂಡರೆ ಉಳಿಯುತ್ತದೆ, ಬಿಟ್ಟರೆ ಹೋಗುತ್ತದೆ ಅನ್ನುವ ಹದೀಸ್, ಅಂದರೆ ಪ್ರವಾದಿಯವರ ಮಾತು, ಬುಖಾರಿ ಮತ್ತು ಮುಸ್ಲಿಮ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಅದು ನನಗೆ ಮದರಸಾದಲ್ಲೇ ಬರುತ್ತಿತ್ತು. ಒಂಟೆ ಹೋಗಿದ್ದು ಮಾತ್ರ ಮೂರು ವರ್ಷ ಗೊತ್ತಾಗಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. ನಾಚಿಕೆಯಿಂದ ಕುರ್‌ಆನ್ ಮುಟ್ಟುವುದನ್ನೇ ಬಿಟ್ಟೆ. ನಾಲ್ಕು ವರ್ಷ. ಜನ ‘ಹಾಫಿಜ್ ಸಾಬ್’ ಅಂತ ಕರೆದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದೆ. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಆಯಿತು, ಐಟಿಐ ಆಯಿತು, ಮೋಟಾರ್ ರಿವೈಂಡಿಂಗ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ಬದುಕಿಗೆ ದಾರಿ ಸಿಕ್ಕಿತು. ಎದೆ ಮಾತ್ರ ಖಾಲಿ.

ನನ್ನನ್ನು ವಾಪಸ್ ಕರೆತಂದವರು ಅದೇ ಹಾಫಿಜ್ ಸಾಬ್. ಅವರು ಟೈಲರ್. ಒಂದು ದಿನ ಅಂಗಡಿಗೆ ಬಂದು, ‘ಬೇಟಾ, ನನಗೆ ದಿನಾ ಒಂದು ಪಾರಾ ಓದಬೇಕು, ಕೇಳಿಸಿಕೊಳ್ಳಲು ಯಾರೂ ಇಲ್ಲ. ನೀನು ಕುರ್‌ಆನ್ ತೆರೆದು ಕೂತು ನನ್ನ ತಪ್ಪು ಹಿಡಿ’ ಅಂದರು. ನೀನು ಓದು ಅನ್ನಲಿಲ್ಲ. ನಾಲ್ಕು ತಿಂಗಳು ನಾನು ಬರೀ ಕೇಳಿದೆ. ಆಮೇಲೆ ಒಂದು ಸಂಜೆ ನಾನೇ ಓದಲು ಶುರು ಮಾಡಿದೆ. ಕಲಿಯಲು ಮೂರು ವರ್ಷ ಹಿಡಿದಿತ್ತು. ಮತ್ತೆ ಪಡೆಯಲು ನಾಲ್ಕೂವರೆ ವರ್ಷ ಬೇಕಾಯಿತು.

ಆಗಲೇ ಮೊದಲ ಸಲ ಕನ್ನಡ ಅನುವಾದ ಪಕ್ಕದಲ್ಲಿಟ್ಟುಕೊಂಡೆ. ಅನ್‌ಆಮ್‌ನಲ್ಲಿ ಇರುವುದು ‘ಬಡತನದ ಕಾರಣಕ್ಕೆ ಮಕ್ಕಳನ್ನು ಕೊಲ್ಲಬೇಡಿ, ನಿಮಗೂ ಅವರಿಗೂ ಅನ್ನ ಕೊಡುವವರು ನಾವು’ ಅಂತ. ಅಲ್ಲಿ ಬಡತನ ಆಗಲೇ ಮನೆಯಲ್ಲಿದೆ, ಅದಕ್ಕೆ ತಂದೆತಾಯಿಗೆ ಮೊದಲು ಧೈರ್ಯ. ಬನೀ ಇಸ್ರಾಯೀಲ್‌ನಲ್ಲಿ ‘ಬಡತನದ ಭಯದಿಂದ’ ಅಂತಿದೆ. ಬಡತನ ಇನ್ನೂ ಬಂದಿಲ್ಲ, ಮಕ್ಕಳಾದರೆ ಬರುತ್ತದೆ ಅನ್ನುವ ಹೆದರಿಕೆ. ಅದಕ್ಕೆ ‘ಅವರಿಗೂ ನಿಮಗೂ’ ಅಂತ ಮಕ್ಕಳು ಮೊದಲು ಬರುತ್ತಾರೆ. ವಿದ್ವಾಂಸರು ಹೀಗೆ ವಿವರಿಸುತ್ತಾರೆ. ಇದನ್ನು ಓದಿದ ದಿನ ಅಂಗಡಿಯಲ್ಲೇ ಕೂತು ಅತ್ತೆ. ನನ್ನನ್ನು ಬೀಳಿಸಿದ ಆ ಎರಡು ಸಾಲು ಅವತ್ತಿನಿಂದ ಒಮ್ಮೆಯೂ ಅದಲುಬದಲಾಗಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶಾಲೆಯಾ ಆಲಿಮಾ ಅನ್ನುವುದು ಎರಡನೇ ಮಾತು. ಎರಡರಲ್ಲಿ ಯಾವುದಕ್ಕೆ ಹಾಕಿದರೂ ಮಂಜಿಲ್ ತಾನಾಗಿ ನಡೆಯುವುದಿಲ್ಲ. ಆಲಿಮ್ ಕೋರ್ಸ್ ಸೇರಿ ಹಿಫ್ಜ್ ಕಳೆದುಕೊಂಡವರನ್ನೂ ನೋಡಿದ್ದೇನೆ. ನಾಳೆ ಬೆಳಿಗ್ಗೆ ಅವನ ಒಂದು ಪಾರಾವನ್ನು ಯಾರು ಕೇಳುತ್ತಾರೆ? ಅದು ಮೊದಲು ಗಟ್ಟಿಯಾಗಲಿ.

ಶಾಲೆಗೇ ಅಂತಾದರೆ ನನ್ನ ಹಾಗೆ 5ನೇ ತರಗತಿಯಲ್ಲಿ ಕೂರಿಸಲು ಒಪ್ಪಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 14ರ ಒಳಗಿನ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. ನಿಮ್ಮ ಮಗನಿಗೆ 13, ತಡ ಮಾಡಬೇಡಿ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ನೇರವಾಗಿ 10ನೇ ತರಗತಿ ಪರೀಕ್ಷೆಗೂ ಹೋಗಬಹುದು. ಬೀದರ್‌ನ ಶಾಹೀನ್ ಸಂಸ್ಥೆ ಹಾಫಿಜ್ ಮಕ್ಕಳಿಗೆಂದೇ ಶಾಲಾ ಪಾಠ ಹಿಡಿಸುವ ವ್ಯವಸ್ಥೆ ಮಾಡಿದೆ, ಅಲ್ಲಿಂದ ಡಾಕ್ಟರ್ ಓದಲು ಹೋದವರಿದ್ದಾರೆ. ಆಲಿಮ್ ಆಗಬೇಕು ಅಂತ ಅವನಿಗೇ ಆಸೆ ಇದ್ದರೆ ಕಳಿಸಿ. ಅವನನ್ನು ಕೇಳಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅವನ ಮಾತು ಎಲ್ಲೂ ಕಾಣಲಿಲ್ಲ.

ಇನ್ನೊಂದು. ನೆಂಟರು ಬಂದಾಗ ಯಾಸೀನ್ ಓದಿಸಿ ತೋರಿಸಬೇಡಿ. ಈ ರಂಜಾನ್‌ಗೆ ದೊಡ್ಡ ಮಸೀದಿಗೂ ಕಳಿಸಬೇಡಿ, ಮನೆಯವರೇ ಹಿಂದೆ ನಿಂತು ಅವನಿಂದ ತರಾವೀಹ್ ಓದಿಸಿಕೊಳ್ಳಿ. ತಪ್ಪಿದರೂ ಅಲ್ಲೇ ತಪ್ಪಲಿ.

ನಾನು ಈಗ ದಿನಾ ಒಂದು ಪಾರಾ ಮುಗಿಸುತ್ತೇನೆ. ಕಾಯಿಲ್ ಸುತ್ತುವಾಗ ಸುತ್ತು ಎಣಿಸಬೇಕು, ಓದಲು ಆಗುವುದಿಲ್ಲ. ವಾರ್ನಿಷ್ ಒಣಗುವ ಹೊತ್ತಿನಲ್ಲಿ ಅರ್ಧ ಆಗುತ್ತದೆ, ಇನ್ನರ್ಧ ಸಂಜೆ ಹಾಫಿಜ್ ಸಾಬ್ ಮುಂದೆ. ಅವರಿಗೆ ಕಣ್ಣು ಮಸುಕಾಗಿದೆ, ಈಗ ಕುರ್‌ಆನ್ ತೆರೆಯದೆಯೇ ನನ್ನ ತಪ್ಪು ಹಿಡಿಯುತ್ತಾರೆ.

ನಿಮಗೆ ಅರಬಿ ಓದಲು ಬರುತ್ತದೆ ಅಂತ ಬರೆದಿದ್ದೀರಿ, ಅಷ್ಟು ಸಾಕು. ಇವತ್ತು ರಾತ್ರಿಯ ಇಶಾ ನಮಾಜ್ ಆದ ಮೇಲೆ ಕುರ್‌ಆನ್ ತೆರೆದು ಮಗನ ಪಕ್ಕ ಕೂರಿ. 1ನೇ ಪಾರಾ ಬೇಡ, 30ನೆಯದೂ ಬೇಡ, ಅವು ಅವನಿಗೆ ಬಂದೇ ಬರುತ್ತವೆ. 8ನೆಯದು ಕೇಳಿ.