ಎರಡು ಡಿಸ್ಕ್ ಇದ್ದಾಗ ಗ್ರಬ್ ಎಲ್ಲಿ ಕೂರುತ್ತದೆ?

ಪ್ರಶ್ನೆ: ನನ್ನ ಕಂಪ್ಯೂಟರಿನ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇದೆ. ಇನ್ನೊಂದು ಸಾಟಾ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಉಬುಂಟು 22.04 ಇನ್‌ಸ್ಟಾಲ್ ಮಾಡಿದೆ. ಬೂಟ್‌ಲೋಡರ್ (ಕಂಪ್ಯೂಟರ್ ಆನ್ ಆದಾಗ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಂ, ಉಬುಂಟುವಿನಲ್ಲಿ ಅದರ ಹೆಸರು ಗ್ರಬ್) ಎಲ್ಲಿಗೆ ಎಂದು ಕೇಳಿದಾಗ ಹೊಸ ಡಿಸ್ಕನ್ನೇ ಆರಿಸಿದ್ದೆ. ಈಗ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಬೂಟ್ ಆಗುತ್ತಿಲ್ಲ. ಇತ್ತ ಹಳೇ ಕಂಪ್ಯೂಟರ್ ಗ್ರಬ್‌ನ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ನನ್ನಿಂದ ಏನು ತಪ್ಪಾಯಿತು?

ಉತ್ತರ: ನಿಮ್ಮದೇನೂ ತಪ್ಪಿಲ್ಲ. ನೀವು ಆರಿಸಿದ್ದನ್ನು ಇನ್‌ಸ್ಟಾಲರ್ ಪಾಲಿಸಲಿಲ್ಲ, ಅಷ್ಟೆ. ಯುಇಎಫ್‌ಐ (ಹಳೇ ಬಯಾಸ್‌ನ ಜಾಗಕ್ಕೆ ಬಂದ, ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಇರುವ ಕಂಪ್ಯೂಟರಿನಲ್ಲಿ ಗ್ರಬ್ ಕೂರುವುದು ಇಎಫ್‌ಐ ಪಾರ್ಟಿಷನ್ ಎಂಬ ಸಣ್ಣ ಫ್ಯಾಟ್32 ಜಾಗದಲ್ಲಿ. ಉಬುಂಟುವಿನ ಹಳೇ ಇನ್‌ಸ್ಟಾಲರ್ ಯುಬಿಕ್ವಿಟಿ, ನೀವು ಯಾವ ಡಿಸ್ಕ್ ಹೇಳಿದರೂ ಮೊದಲು ಕಂಡ ಇಎಫ್‌ಐ ಪಾರ್ಟಿಷನ್‌ಗೇ ಗ್ರಬ್ ಹಾಕುತ್ತದೆ. 2014ರಲ್ಲೇ ಇದರ ಬಗ್ಗೆ ದೂರು ದಾಖಲಾಗಿತ್ತು. ಇಷ್ಟು ವರ್ಷ ಜನರನ್ನು ಸುಮ್ನೆ ಒದ್ದಾಡಿಸಿದ್ದು ಸರಿಯಲ್ಲ. ಹಾಗಾಗಿ ನಿಮ್ಮ ಗ್ರಬ್ ವಿಂಡೋಸ್ ಡಿಸ್ಕಿನಲ್ಲಿದೆ, ಅದು ಓದಬೇಕಾದ ಫೈಲುಗಳು ಉಬುಂಟು ಡಿಸ್ಕಿನಲ್ಲಿವೆ. ಎರಡನ್ನೂ ಬೇರೆ ಮಾಡಿದರೆ ಗ್ರಬ್‌ಗೆ ದಾರಿ ಕಾಣುವುದಿಲ್ಲ.

ವಿಂಡೋಸ್ ಸದ್ಯಕ್ಕೆ ಬೇಕಿದ್ದರೆ ಬೂಟ್ ಮೆನುವಿನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿ. ಅದು ಹಾಗೇ ಇರುತ್ತದೆ.

ಇನ್ನು ರಿಪೇರಿ. ಮೊದಲು ಬ್ಯಾಕಪ್ ತೆಗೆಯಿರಿ. ಉಬುಂಟು ಪೆನ್‌ಡ್ರೈವ್‌ನಿಂದ ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಮಾಡಿ. ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ಪ್ರೋಗ್ರಾಂನಲ್ಲಿ ಉಬುಂಟು ಪಾರ್ಟಿಷನ್ನಿನ ಕೊನೆಯಿಂದ 500 ಎಂಬಿ ಬಿಡಿಸಿಕೊಳ್ಳಿ. ಶುರುವಿನ ಕಡೆ ಮುಟ್ಟಬೇಡಿ, ಆಗ ಇಡೀ ಪಾರ್ಟಿಷನ್ನೇ ಸರಿಯಬೇಕಾಗುತ್ತದೆ, ಟೈಮೂ ಜಾಸ್ತಿ, ಅಪಾಯವೂ ಜಾಸ್ತಿ. ಬಿಡಿಸಿದ ಜಾಗಕ್ಕೆ ಫ್ಯಾಟ್32 ಹಾಕಿ, ‘ಇಎಸ್‌ಪಿ’ ಫ್ಲ್ಯಾಗ್ ಕೊಡಿ.

ಆಮೇಲೆ ಉಬುಂಟು ಪಾರ್ಟಿಷನ್ನನ್ನೂ ಅದರ ಬೂಟ್ ಫೋಲ್ಡರಿನೊಳಗಿನ ಇಎಫ್‌ಐ ಜಾಗಕ್ಕೆ ಈ ಹೊಸ ಪಾರ್ಟಿಷನ್ನನ್ನೂ ಮೌಂಟ್ ಮಾಡಿ (ಅಂದರೆ ಜೋಡಿಸಿ), ಚ್‌ರೂಟ್ (chroot) ಕಮಾಂಡ್ ಮೂಲಕ ಡಿಸ್ಕಿನಲ್ಲಿರುವ ಉಬುಂಟುವಿನ ಒಳಗೆ ಹೋಗಿ. ಇಲ್ಲಿ ಬಹಳ ಜನ ಮರೆಯುವುದು ಎಫ್‌ಎಸ್‌ಟ್ಯಾಬ್ (fstab) ಫೈಲನ್ನು, ಅಂದರೆ ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿಯನ್ನು. ಅದರಲ್ಲಿ ಇಎಫ್‌ಐ ಸಾಲಿನಲ್ಲಿ ಇನ್ನೂ ವಿಂಡೋಸ್ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನ ಯುಯುಐಡಿ (ಗುರುತಿನ ಸಂಖ್ಯೆ) ಇರುತ್ತದೆ: ನಾಲ್ಕು ಅಕ್ಷರ, ಗೆರೆ, ಮತ್ತೆ ನಾಲ್ಕು ಅಕ್ಷರ. ಅದನ್ನು ಅಳಿಸಿ ಹೊಸ ಪಾರ್ಟಿಷನ್ನಿನದ್ದು ಬರೆಯಿರಿ. ಬಿಟ್ಟರೆ ಮುಂದಿನ ಅಪ್‌ಡೇಟ್‌ನಲ್ಲಿ ಗ್ರಬ್ ಮತ್ತೆ ಹಳೇ ಜಾಗಕ್ಕೇ ಹೋಗಬಹುದು.

ಈಗ ಗ್ರಬ್-ಇನ್‌ಸ್ಟಾಲ್ ಕಮಾಂಡನ್ನು ಎರಡು ಸಲ ಓಡಿಸಿ. ಒಮ್ಮೆ ಮಾಮೂಲಿಯಾಗಿ, ಇನ್ನೊಮ್ಮೆ ‘ರಿಮೂವಬಲ್’ ಆಯ್ಕೆಯ ಜೊತೆ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕುವವರಿಗೆ ಎರಡನೆಯದು ಬೇಕೇ ಬೇಕು. ಬೂಟ್ ಪಟ್ಟಿ ಮದರ್‌ಬೋರ್ಡಿನ ಮೆಮೊರಿಯಲ್ಲಿರುತ್ತದೆ, ಡಿಸ್ಕಿನ ಜೊತೆ ಬರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಹೊಸ ಕಂಪ್ಯೂಟರ್ ಹುಡುಕುವ ಜಾಗದಲ್ಲಿ ಈ ಆಯ್ಕೆ ಗ್ರಬ್ ಇಡುತ್ತದೆ. ಕೊನೆಗೆ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿ.

ವಿಂಡೋಸ್ ಡಿಸ್ಕ್ ಕಳಚಿಟ್ಟು ಒಮ್ಮೆ ಬೂಟ್ ಮಾಡಿ ನೋಡಿ. ಉಬುಂಟು ಎದ್ದ ಮೇಲೆಯೇ ವಿಂಡೋಸ್‌ನ ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ‘ಉಬುಂಟು’ ಫೋಲ್ಡರ್ ಅಳಿಸಿ. ಪಕ್ಕದ ‘ಮೈಕ್ರೋಸಾಫ್ಟ್’ ಫೋಲ್ಡರನ್ನು ಮಾತ್ರ ಮುಟ್ಟಬೇಡಿ.