ಬರಹಗಾರರ ಬಳಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬರೆಯುವವರು ತಮ್ಮೂರಿನಲ್ಲೇ ಸೇರಿ ನಡೆಸುವ ಸಭೆ, ಕಾರ್ಯಕ್ರಮಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಕಥೆ, ಕವಿತೆ ಬರೆಯುವ ಹತ್ತು ಜನ ಸೇರಿ ವರ್ಷದ ಹಿಂದೆ ಒಂದು ಬಳಗ ಕಟ್ಟಿಕೊಂಡೆವು. ಮೊದಲ ಮೂರು ಸಭೆಗಳಿಗೆ ಎಲ್ಲರೂ ಬಂದರು. ಈಗ ನಾಲ್ಕೈದು ಜನ ಸೇರುವುದೂ ಕಷ್ಟವಾಗಿದೆ. ಬಂದವರೂ ಮಾತಾಡಿ ಹೋಗುತ್ತಾರೆಯೇ ಹೊರತು ಬರೆದದ್ದನ್ನು ತರುವುದಿಲ್ಲ. ಏನು ಮಾಡಬೇಕು?
— ಬಳಗವೊಂದರ ಸಂಚಾಲಕಿ

ಉತ್ತರ: ತೊಂದರೆಯ ಬೇರು ನಿಮ್ಮ ಪತ್ರದ ಕೊನೆಯ ಮಾತಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಎಲ್ಲರ ಮುಂದೆ ಒಂದು ಬರಹ ಇಲ್ಲದೆ ಹೋದಾಗ ಬರಹಗಾರರ ಮಾತು ಸಾಹಿತ್ಯದ ಸ್ಥಿತಿಗತಿಯತ್ತ, ಪ್ರಕಾಶಕರತ್ತ, ಪ್ರಶಸ್ತಿಗಳತ್ತ ಹರಿಯುತ್ತದೆ. ಅಂಥ ಮಾತು ಒಂದೆರಡು ಬಾರಿ ಹಿತವಾಗಿರುತ್ತದೆ, ಮೂರನೆಯ ಬಾರಿಗೆ ಮನೆಯಲ್ಲೇ ಕುಳಿತು ಬರೆಯಬಹುದಿತ್ತಲ್ಲ ಎನ್ನಿಸತೊಡಗುತ್ತದೆ. ಆದ್ದರಿಂದ ಒಂದು ಸಭೆ ಮುಗಿದು ಎಲ್ಲರೂ ಏಳುವ ಮೊದಲೇ ಮುಂದಿನ ಸಭೆಯಲ್ಲಿ ಯಾರ ಯಾರ ಬರಹ ಎಂಬುದನ್ನು ಹೆಸರು ಹಿಡಿದು ಗೊತ್ತುಮಾಡಿ. ಸರದಿ ಬಂದವರು ಒಂದು ವಾರ ಮುಂಚೆ ಪ್ರತಿಗಳನ್ನು ಉಳಿದವರಿಗೆ ತಲುಪಿಸಲಿ. ತನ್ನ ಬರಹವನ್ನು ಐದಾರು ಮಂದಿ ಓದಿಕೊಂಡು ಕಾಯುತ್ತಿದ್ದಾರೆ ಎಂದು ತಿಳಿದವರು ಸಭೆ ತಪ್ಪಿಸುವುದು ಅಪರೂಪ.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಸಾವಿರ ಪದಗಳ ಕಥೆಯನ್ನು ಗಟ್ಟಿಯಾಗಿ ಓದಲು 10 ನಿಮಿಷವಾದರೂ ಬೇಕು; ಅದರ ಚರ್ಚೆಗೆ 25 ನಿಮಿಷ ಇಟ್ಟುಕೊಂಡರೆ ಎರಡು ಗಂಟೆಯ ಸಭೆಯಲ್ಲಿ ಮೂರು ಬರಹಗಳಿಗೆ ಮಾತ್ರ ಜಾಗವಿರುತ್ತದೆ, ಉಳಿದ 15 ನಿಮಿಷ ಕುಶಲ ವಿಚಾರಿಸುವುದಕ್ಕೆ ಸರಿಹೋಗುತ್ತದೆ. ಹತ್ತೂ ಜನರ ಬರಹವನ್ನು ಒಂದೇ ದಿನ ಓದಿಸಲು ಹೊರಟರೆ ಯಾರೊಬ್ಬರ ಬರಹಕ್ಕೂ ನ್ಯಾಯ ಸಿಗುವುದಿಲ್ಲ. ಸಭೆಯ ದಿನ ಮತ್ತು ಜಾಗ ಪ್ರತಿ ತಿಂಗಳೂ ಒಂದೇ ಆಗಿರಲಿ. ಎಲ್ಲರಿಗೂ ಒಪ್ಪುವ ದಿನವನ್ನು ಪ್ರತಿ ಬಾರಿ ಹೊಸದಾಗಿ ಹುಡುಕುವ ಬಳಗ ಆ ಹುಡುಕಾಟದಲ್ಲೇ ದಣಿಯುತ್ತದೆ.

ನಾಲ್ಕೈದು ಜನ ಎಂಬುದಕ್ಕೆ ನೀವು ಎದೆಗುಂದಬೇಕಾಗಿಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪಾಗಲಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಇಂಕ್ಲಿಂಗ್ಸ್ ಎಂಬ ಹೆಸರಿನ ಬರಹಗಾರರ ಬಳಗವಾಗಲಿ ಗೆಳೆತನದ ಬಲದಲ್ಲಿ ನಡೆದವೇ ಹೊರತು ತಲೆ ಎಣಿಕೆಯ ಬಲದಲ್ಲಿ ಅಲ್ಲ. ಇಂಕ್ಲಿಂಗ್ಸ್ ಬಳಗಕ್ಕೆ ನಿಯಮಾವಳಿಯೂ ಇರಲಿಲ್ಲ, ಪದಾಧಿಕಾರಿಗಳೂ ಇರಲಿಲ್ಲ. 1930 ಮತ್ತು 40ರ ದಶಕಗಳಲ್ಲಿ ಅವರು ಗುರುವಾರ ರಾತ್ರಿ ತಮ್ಮಲ್ಲೊಬ್ಬರಾದ ಲೇಖಕ ಸಿ. ಎಸ್. ಲೂಯಿಸ್ ಅವರ ಕಾಲೇಜಿನ ಕೋಣೆಯಲ್ಲಿ ಸೇರಿ, ಯಾರಾದರೂ ಹಸ್ತಪ್ರತಿ ತಂದಿದ್ದರೆ ಅದನ್ನು ಓದಿಸಿ ಕೇಳುತ್ತಿದ್ದರು.

ಪ್ರಶ್ನೆ: ಕಳೆದ ಸಭೆಯಲ್ಲಿ ಗೆಳೆಯರೊಬ್ಬರ ಕಥೆಯನ್ನು ಇಬ್ಬರು ಕಟುವಾಗಿ ಟೀಕಿಸಿದರು. ಅವರು ಉತ್ತರ ಕೊಡಲು ಹೋಗಿ ಜಗಳವೇ ಆಯಿತು. ಅಂದಿನಿಂದ ಅವರು ಬರುತ್ತಿಲ್ಲ. ಹೊಗಳಿಕೆಯನ್ನಷ್ಟೇ ಹೇಳಬೇಕೆಂದರೆ ಸಭೆ ಏಕೆ?
— ಬಳಗದ ಸದಸ್ಯ

ಉತ್ತರ: ಹೊಗಳಿಕೆಗಾಗಿ ಸೇರಬೇಕಾಗಿಲ್ಲ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಟೀಕೆಗೂ ಒಂದು ಕ್ರಮ ಬೇಕು. ಅಮೆರಿಕದ ಮಿಲ್ಫರ್ಡ್ ಎಂಬಲ್ಲಿ 1956ರಲ್ಲಿ ಆರಂಭವಾದ ಬರಹಗಾರರ ಸಮಾವೇಶದಿಂದ ಹಬ್ಬಿದ ಪದ್ಧತಿಯೊಂದು ಇಂದಿಗೂ ಅನೇಕ ಬಳಗಗಳಲ್ಲಿ ಬಳಕೆಯಲ್ಲಿದೆ. ಎಲ್ಲರೂ ವೃತ್ತವಾಗಿ ಕುಳಿತು, ಒಬ್ಬರಾದ ಮೇಲೊಬ್ಬರು, ಗೊತ್ತುಮಾಡಿದ ನಿಮಿಷಗಳೊಳಗೆ ತಮ್ಮ ಅಭಿಪ್ರಾಯ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಬರೆದವರು ಕೊನೆಯವರೆಗೂ ಮೌನವಾಗಿದ್ದು, ಸುತ್ತು ಮುಗಿದ ಮೇಲಷ್ಟೇ ಮಾತಾಡುತ್ತಾರೆ. ಈ ಕ್ರಮವಿದ್ದಿದ್ದರೆ ನೀವು ಹೇಳುವ ಜಗಳ ಬಹುಶಃ ಹುಟ್ಟುತ್ತಲೇ ಇರಲಿಲ್ಲ. ಬರೆದವರಿಗೆ ವಾದ ಮಾಡುವ ಅವಕಾಶ ಇಲ್ಲದಾಗ ಅವರು ಕೇಳಿಸಿಕೊಳ್ಳುತ್ತಾರೆ, ಗುರುತು ಹಾಕಿಕೊಳ್ಳುತ್ತಾರೆ.

ಆದರೂ ಮೊದಲ ಬಾರಿ ಬರಹ ತಂದವರಿಗೆ ಅಷ್ಟು ಹೊತ್ತಿನ ಮೌನ ಕಠಿಣವೇ. ಹೊಸಬರು ಹೆಚ್ಚಿರುವ ಬಳಗಕ್ಕೆ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ ಕ್ರಮ ಹೆಚ್ಚು ಒಗ್ಗುತ್ತದೆಂದು ನನ್ನ ಅಭಿಪ್ರಾಯ. ಅದರಲ್ಲಿ ಕೇಳುಗರು ಮೊದಲು ತಮ್ಮ ಮನಸ್ಸಿಗೆ ನಾಟಿದ್ದನ್ನು ಹೇಳುತ್ತಾರೆ. ಆಮೇಲೆ ರಚಿಸಿದವರೇ ತಮ್ಮ ಅನುಮಾನಗಳನ್ನು ಕೇಳುತ್ತಾರೆ. ಬಳಿಕ ಕೇಳುಗರು ತೀರ್ಪಿನ ಧ್ವನಿಯಿಲ್ಲದ ಪ್ರಶ್ನೆಗಳನ್ನು ಕೇಳುತ್ತಾರೆ. ಕೊನೆಯಲ್ಲಿ, ರಚಿಸಿದವರು ಒಪ್ಪಿದರೆ ಮಾತ್ರ, ಕೇಳುಗರು ತಮ್ಮ ಅಭಿಪ್ರಾಯ ಹೇಳುತ್ತಾರೆ. ‘ಮುಕ್ತಾಯ ನಂಬುವ ಹಾಗಿದೆಯೇ?’ ಎಂದು ಬರೆದವರೇ ಕೇಳಿದಾಗ ಬರುವ ಉತ್ತರ ಎಷ್ಟೇ ಕಟುವಾಗಿದ್ದರೂ ಅವರು ಅದನ್ನು ಬಯಸಿಯೇ ಪಡೆದಿರುತ್ತಾರೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಅಭಿರುಚಿಯೇ ಬೇರೆ, ವಿಮರ್ಶೆಯೇ ಬೇರೆ. ಇಂಕ್ಲಿಂಗ್ಸ್ ಬಳಗದಲ್ಲಿ ಲೇಖಕ ಟೋಲ್ಕಿನ್ ತಮ್ಮ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ದೊಡ್ಡ ಕಾದಂಬರಿಯ ಅಧ್ಯಾಯಗಳನ್ನು ಓದುತ್ತಿದ್ದಾಗ ಹ್ಯೂಗೊ ಡೈಸನ್ ಎಂಬ ಸದಸ್ಯರಿಗೆ ಅದು ಸ್ವಲ್ಪವೂ ಹಿಡಿಸದೆ, ಕಡೆಗೆ ಅವರು ಬಂದ ದಿನ ಆ ಓದನ್ನೇ ನಿಲ್ಲಿಸಬೇಕಾಯಿತು. ಕಾದಂಬರಿ ಮುಗಿದದ್ದು ಲೂಯಿಸ್ ಬಿಡದೆ ಕೊಟ್ಟ ಪ್ರೋತ್ಸಾಹದಿಂದ ಎಂದು ಟೋಲ್ಕಿನ್ ಮುಂದೆ ಕೃತಜ್ಞತೆಯಿಂದ ನೆನೆದಿದ್ದಾರೆ. ‘ಇಂಥ ಕಥೆ ನನಗೆ ಸೇರದು’ ಎಂಬ ಮಾತಿನಿಂದ ಬರೆದವರಿಗೆ ಏನೂ ಸಿಗುವುದಿಲ್ಲ. ‘ಎರಡನೆಯ ಪುಟದಲ್ಲಿ ಮಾತಾಡುತ್ತಿರುವುದು ತಾಯಿಯೋ ಮಗಳೋ ಎಂದು ಗೊತ್ತಾಗದೆ ನಾನು ಹಿಂದಿನ ಪುಟಕ್ಕೆ ಹೋದೆ’ ಎಂದರೆ ತಿದ್ದಬೇಕಾದ ಜಾಗ ತಿಳಿಯುತ್ತದೆ. ನಿಮ್ಮ ಗೆಳೆಯರನ್ನು ಮರಳಿ ಕರೆಯಲು ಇಡೀ ಬಳಗ ಹೋಗುವುದು ಬೇಡ, ನೀವೊಬ್ಬರೇ ಹೋಗಿ. ಅಂದಿನ ಜಗಳದ ವಿಚಾರ ಎತ್ತದೆ, ಆ ಕಥೆಯಲ್ಲಿ ನಿಮಗೆ ನೆನಪಿನಲ್ಲಿ ಉಳಿದ ಒಂದು ಸನ್ನಿವೇಶದ ಬಗ್ಗೆ ಮಾತಾಡಿ.

ಪ್ರಶ್ನೆ: ವಾರ್ಷಿಕೋತ್ಸವಕ್ಕೆ ಹೆಸರಾಂತ ಸಾಹಿತಿಯೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆಯುವುದೋ, ನಮ್ಮವರೇ ತಮ್ಮ ಬರಹಗಳನ್ನು ಸಾರ್ವಜನಿಕರ ಮುಂದೆ ಓದುವುದೋ?
— ಕಾರ್ಯದರ್ಶಿ

ಉತ್ತರ: ನಿಮ್ಮವರೇ ಓದಲಿ. ಅತಿಥಿಯನ್ನು ಕರೆಯುವುದಾದರೆ ಭಾಷಣದ ಬದಲು ನಿಮ್ಮ ಎರಡು ಮೂರು ಹಸ್ತಪ್ರತಿಗಳನ್ನು ಮೊದಲೇ ಕಳಿಸಿ, ಅವುಗಳ ಮೇಲೆ ಮಾತಾಡಲು ವಿನಂತಿಸಿಕೊಳ್ಳಿ. ಸಾರ್ವಜನಿಕ ಓದಿನಲ್ಲಿ ಒಬ್ಬರಿಗೆ 5 ನಿಮಿಷದಂತೆ 12 ಜನರಿಗೆ ಒಂದು ಗಂಟೆ. ಅದಕ್ಕಿಂತ ಹೆಚ್ಚಾದರೆ ನಡುವೆ ವಿರಾಮ ಬೇಕು. ನಾಲ್ಕನೆಯ ನಿಮಿಷಕ್ಕೆ ಸನ್ನೆ ಮಾಡುವ ಒಬ್ಬರಿರಲಿ, ಮತ್ತು ಹಿರಿಯರು ಕಿರಿಯರೆನ್ನದೆ ಎಲ್ಲರೂ ಆ ಸನ್ನೆಗೆ ಬೆಲೆ ಕೊಡಲಿ. ಓದುವವರು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ ನೋಡಿದ್ದರೆ ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಅಪ್ರಕಟಿತ ಕವಿತೆಯನ್ನು ಸಭೆಯಲ್ಲಿ ಓದಿದರೆ ಅದು ಪ್ರಕಟವಾದಂತೆ ಆಗುತ್ತದೆಯೇ? ಯಾರಾದರೂ ಕದ್ದರೆ?
— ಹೊಸ ಕವಿ

ಉತ್ತರ: ಕೃತಿಸ್ವಾಮ್ಯದ ಬಗ್ಗೆ 1886ರಲ್ಲಿ ಆದ ಬರ್ನ್ ಒಪ್ಪಂದ, ಕಾಲಕಾಲಕ್ಕೆ ತಿದ್ದುಪಡಿಯಾಗಿ ಇಂದು ಜಾರಿಯಲ್ಲಿರುವ ರೂಪದಲ್ಲಿ, ಸಾಹಿತ್ಯ ಕೃತಿಯ ಸಾರ್ವಜನಿಕ ವಾಚನವನ್ನು ಪ್ರಕಟಣೆ ಎಂದು ಎಣಿಸುವುದಿಲ್ಲ. ನೋಂದಣಿ ಮಾಡಿಸದಿದ್ದರೂ ಕೃತಿಸ್ವಾಮ್ಯ ತಾನಾಗಿಯೇ ಕವಿಯದಾಗುತ್ತದೆ. ಆದರೆ ಅದು ನಿಮ್ಮ ಪದಗಳಿಗೆ ಸಿಗುವ ರಕ್ಷಣೆ. ಬರಿಯ ಕಲ್ಪನೆಗೆ ಅದು ಇಲ್ಲ. ಎಚ್ಚರ ಬೇಕಾದದ್ದು ಬೇರೆ ಕಡೆ: ಓದಿನ ವಿಡಿಯೊವನ್ನು ಯಾರಾದರೂ ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಹಾಕಿದರೆ ಕೆಲವು ಪತ್ರಿಕೆಗಳು ಆ ಕವಿತೆಯನ್ನು ಅಪ್ರಕಟಿತವೆಂದು ಒಪ್ಪದಿರಬಹುದು. ಹಂಚಿದ ಪ್ರತಿಗಳನ್ನು ಚರ್ಚೆಯ ನಂತರ ಕವಿಗೇ ಹಿಂದಿರುಗಿಸುವುದು, ಕೇಳದೆ ಚಿತ್ರೀಕರಿಸದಿರುವುದು, ಇವೆರಡನ್ನೂ ಬಳಗ ಮೊದಲ ದಿನವೇ ಒಪ್ಪಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನನಗೆ ಬರೆದದ್ದನ್ನು ತೋರಿಸಲು ಮನಸ್ಸಿಲ್ಲ. ನಾಲ್ಕು ಜನರ ನಡುವೆ ಕುಳಿತು ಬರೆಯುವ ಆಸೆ ಮಾತ್ರ ಇದೆ. ಇಂಥ ಕೂಟಗಳೂ ಇರುತ್ತವೆಯೇ?
— ಕಾದಂಬರಿ ಆರಂಭಿಸಿದವಳು

ಉತ್ತರ: ಖಂಡಿತವಾಗಿ ಇರುತ್ತವೆ. 1999ರಲ್ಲಿ ಅಮೆರಿಕದ ಕೆಲವು ಗೆಳೆಯರು ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಪಣ ತೊಟ್ಟರು. ಆ ಪ್ರಯತ್ನ ಮುಂದೆ ನವೆಂಬರ್ ತಿಂಗಳಿಗೆ ನಿಂತು, ದೇಶದೇಶಗಳಿಗೆ ಹಬ್ಬಿ, ಅದರಲ್ಲಿ ತೊಡಗಿದವರು ಗ್ರಂಥಾಲಯಗಳಲ್ಲಿ ಒಟ್ಟಿಗೆ ಕುಳಿತು ಬರೆಯುವುದು ರೂಢಿಯಾಯಿತು. ನೀವೂ ವಾರಕ್ಕೊಮ್ಮೆ ಇಬ್ಬರು ಮೂವರನ್ನು ಸೇರಿಸಿಕೊಂಡು, 25 ನಿಮಿಷ ಮೌನವಾಗಿ ಬರೆದು 5 ನಿಮಿಷ ಬಿಡುವು ಪಡೆಯುವ ಹಾಗೆ ಮೂರು ಸುತ್ತು ಕುಳಿತು ನೋಡಿ. ಫೋನುಗಳು ಕೋಣೆಯ ಇನ್ನೊಂದು ಬದಿಯಲ್ಲಿರಲಿ. ಎಷ್ಟು ಪುಟವಾಯಿತು, ಏನು ಬರೆದಿರಿ ಎಂದು ಯಾರೂ ಯಾರನ್ನೂ ಕೇಳಬಾರದು. ತಾವಾಗಿಯೇ ಓದಬೇಕೆನಿಸಿದವರಿಗೆ ಕೊನೆಯ ಹತ್ತು ನಿಮಿಷ ಖಾಲಿ ಬಿಟ್ಟಿರಲಿ.