ಬಾಗಿಲು ಹಿಂದಕ್ಕೆ ಚಿಮ್ಮುತ್ತಿದೆಯೇ? ಕೀಸಬೇಡಿ

ಪ್ರಶ್ನೆ: ಹಳೆಯ ಚೌಕಟ್ಟಿಗೆ ಹಲಸಿನ ಹೊಸ ಬಾಗಿಲು ಮಾಡಿಸಿ, ಹಿಂಜಿನ ತಟ್ಟೆ ಕೂರಲು ಮರದಲ್ಲಿ ನಾನೇ ಕಚ್ಚು (ತಗ್ಗು) ಹೊಡೆದು ಕೂರಿಸಿದೆ. ಚಿಲಕದ ಕಡೆ ಸಂದು ಸಾಕಷ್ಟಿದೆ. ಆದರೂ ಕೊನೆಯ ಎರಡು ಬೆರಳಿನಷ್ಟು ಮುಚ್ಚುವುದಿಲ್ಲ. ಒತ್ತಿ ಬಿಟ್ಟರೆ ಹಿಂದಕ್ಕೆ ಚಿಮ್ಮುತ್ತದೆ. ಮೇಲಿನ ಸ್ಕ್ರೂಗಳೂ ಸಡಿಲವಾಗಿವೆ. ಅಂಚು ಕೀಸಬೇಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಚಿಲಕದ ಕಡೆ ಸಂದು ಇದ್ದ ಮೇಲೆ ಅಲ್ಲಿ ಕೀಸಿ ಪ್ರಯೋಜನವಿಲ್ಲ. ಬಾಗಿಲನ್ನು ಆದಷ್ಟು ಮುಚ್ಚಿ, ಹಿಂಜಿನ ಕಡೆಯ ಸಂದಿಗೆ ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ಅದೂ ಹೋಗದಿದ್ದರೆ ಕಚ್ಚು ಆಳವಾಗಿದೆ. ಬಾಗಿಲು ಮುಚ್ಚುವ ಮೊದಲೇ ಮರಕ್ಕೆ ಮರ ತಾಗಿ, ಒತ್ತಿದ ಬಲವೆಲ್ಲ ಸ್ಕ್ರೂಗಳನ್ನು ಕೀಳುತ್ತದೆ. ಸ್ಕ್ರೂ ತಲೆಗಳು ತಟ್ಟೆಗಿಂತ ಉಬ್ಬಿದ್ದರೂ ಹೀಗೇ ಆಗುತ್ತದೆ. ಮೊದಲು ಅದನ್ನೇ ನೋಡಿ, ಕೆಲಸ ಉಳಿದೀತು.

ಕಚ್ಚೇ ಆಳವಾಗಿದ್ದರೆ ಬಾಗಿಲಿನಡಿ ಬೆಣೆ ಕೊಟ್ಟು, ಒಂದೊಂದೇ ಹಿಂಜು ಬಿಚ್ಚಿ, ತಟ್ಟೆಯ ಅಳತೆಗೆ ಕತ್ತರಿಸಿದ 1 ಮಿ.ಮೀ. ಸನ್‌ಮೈಕಾ ತುಂಡನ್ನು ಹಿಂದಿಟ್ಟು ಬಿಗಿಯಿರಿ. ರಟ್ಟು ಇಡಬೇಡಿ, ನಮ್ಮ ಮಳೆಗಾಲಕ್ಕೆ ಮೆತ್ತಗಾಗುತ್ತದೆ. ಸಡಿಲವಾದ ತೂತಿಗೆ ಅಂಟು ಸವರಿದ ಒಣ ಮರದ ಕಡ್ಡಿ ಹೊಡೆದು, ಮಾರನೇ ದಿನ ಹೊಸ ತೂತು ಕೊರೆಯಿರಿ.

ಇನ್ನೊಮ್ಮೆ ಹೊಡೆಯುವಾಗ ತಟ್ಟೆ ಎಷ್ಟು ದಪ್ಪವೋ ಕಚ್ಚು ಅಷ್ಟೇ ಆಳವಿರಲಿ. 4 ಇಂಚಿನ ಹಿಂಜಿಗೆ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಹಿಂಜನ್ನೇ ಇಟ್ಟು ಚೂರಿಯಿಂದ ಗೆರೆ ಎಳೆಯಿರಿ. ಪೆನ್ಸಿಲ್ ಗೆರೆಯ ದಪ್ಪವೇ ಸಂದಾಗಿಬಿಡುತ್ತದೆ. ಉಳಿಯ ಇಳಿಜಾರು ಮುಖವನ್ನು ತೆಗೆಯಬೇಕಾದ ಮರದ ಕಡೆಗಿಟ್ಟು ಅಂಚು ಕಡಿದು, ನಡುವೆ 5-6 ಮಿ.ಮೀ.ಗೊಂದರಂತೆ ಅಡ್ಡ ಏಟು ಹಾಕಿ. ಆಮೇಲೆ ತೆರೆದ ಬದಿಯಿಂದ ಕೊಡತಿ ಇಲ್ಲದೆ, ಕೈಯಿಂದಲೇ ಸವರಿ ತೆಗೆಯಿರಿ. ಹಲಸಿನ ಎಳೆ ಅಲ್ಲಲ್ಲಿ ತಿರುಚಿಕೊಂಡಿರುತ್ತದೆ. ಉದ್ದಕ್ಕೆ ತಳ್ಳಿದರೆ ಗೆರೆ ದಾಟಿ ಸೀಳುತ್ತದೆ. ತಟ್ಟೆ ಇಟ್ಟು ಬೆರಳಾಡಿಸಿದರೆ ಉಗುರಿಗೆ ಮೆಟ್ಟಿಲು ಸಿಗಬಾರದು. ಮೊದಲು ಹಿಂಜಿಗೊಂದೇ ಸ್ಕ್ರೂ ಹಾಕಿ, ಬಾಗಿಲು ಆಡಿಸಿ ನೋಡಿ, ನಂತರ ಉಳಿದವು.

ಪ್ರಶ್ನೆ: ಹೊಸ ಬಾಗಿಲಿಗೆ ಸಂದು ಎಷ್ಟು ಬಿಡಬೇಕು? ಹಿಂಜು ಎರಡು ಸಾಕೇ?
– ಓದುಗರು, ಹೊಸನಗರ

ಉತ್ತರ: ಏಪ್ರಿಲ್‌ನಲ್ಲಿ ಕೂರಿಸುವುದಾದರೆ ಚಿಲಕದ ಕಡೆ 3 ಮಿ.ಮೀ. ಬಿಡಿ. ಆಷಾಢದಲ್ಲಾದರೆ ಮರ ಆಗಲೇ ಉಬ್ಬಿರುತ್ತದೆ, 2 ಸಾಕು. ಬಾಗಿಲಿನ ತಲೆ ಮತ್ತು ಅಡಿಯ ಅಂಚಿಗೂ ಬಣ್ಣ ಅಥವಾ ವಾರ್ನಿಷ್ ಬಳಿಯಿರಿ. ಅಲ್ಲಿ ಕಾಣುವ ಎಳೆಯ ತುದಿಗಳೇ ಹೆಚ್ಚು ನೀರು ಹೀರುವುದು. ಗಟ್ಟಿಮರಕ್ಕೆ ಮೂರು ಹಿಂಜು ಬೇಕು: ಮೇಲಿನಿಂದ 7 ಇಂಚು, ಕೆಳಗಿನಿಂದ 9 ಇಂಚು, ಮತ್ತೊಂದು ನಡುವೆ. ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ.